ಅಕ್ಕೋರು ಬರೆದ ಸುಷ್ಮಾ

ಕಾಸರಕೋಡಿನಲ್ಲಿ ಹತ್ತಿದ ಕುಮಟೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ಸುಷ್ಮಾಗೆ ನಿದ್ದೆಯ ಹೆದರಿಕೆ ಶುರುವಾಯಿತು. ಈಚೆಗೆ ಎಲ್ಲಿ ಕುಳಿತರೂ ಹೀಗೇ. ಬೆನ್ನಿಗೊಂದು ಆಸರೆ, ಮುಖಕ್ಕೆ ಒಂದಿಷ್ಟು ಗಾಳಿ ಸಿಕ್ಕರೆ ಸಾಕು, ಕಣ್ಣಿನ ಹಿಂದೆ ಏನೋ ಕರಗಿ ಕೆಳಗಿಳಿಯತೊಡಗುತ್ತದೆ, ತಲೆ ತನ್ನದಲ್ಲವೆನ್ನುವ ಹಾಗೆ ತೂಗುತ್ತದೆ. ಆಗೆಲ್ಲ ಅವಳು ಕೆನ್ನೆಯ ಒಳಗನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಾಳೆ. ಕಚ್ಚಿ ಕಚ್ಚಿ ಅಲ್ಲೊಂದು ಸಣ್ಣ ಗಂಟು ಕಟ್ಟಿದೆ. ಫೋನನ್ನು ಚೀಲದಲ್ಲಿ ಹಾಕದೆ ಮುಷ್ಟಿಯಲ್ಲೇ ಹಿಡಿದಿದ್ದಳು. ಅದರ ಸದ್ದು ಎಷ್ಟು ಏರುತ್ತದೋ ಅಷ್ಟೂ ಏರಿಸಿಟ್ಟಿದ್ದಳು. ಬಸ್ಸು ಶರಾವತಿ ಸೇತುವೆಯ ಮೇಲೆ ಬಂದಾಗ ಬಂದರಿನ ಕಡೆ, ಹೆಂಚಿನ ಮಾಡುಗಳ ನಡುವೆ ಎದ್ದು ಕಾಣುವ ಆ ಮಹಡಿಯ ಕಿಟಕಿಯತ್ತ ಕಣ್ಣು ಹೋಗದಂತೆ ಎದುರು ಸೀಟಿನ ಕಂಬಿಯನ್ನೇ ನೋಡಿದಳು. ಪಕ್ಕದ ಮನೆಯ ಗಣಪಿಯನ್ನು ಅತ್ತೆಯ ಹತ್ತಿರ ಕೂರಿಸಿ ಬಂದಿದ್ದಾಯಿತು. ಗಂಡನಿಗೆ, ಅತ್ತೆಯ ಒಂದು ಗುಳಿಗೆ ಹೊನ್ನಾವರದಲ್ಲಿ ಸಿಗುತ್ತಿಲ್ಲ, ಕುಮಟೆಗೆ ಹೋಗಿ ನೋಡುತ್ತೇನೆ ಎಂದು ಹೇಳಿದ್ದಾಯಿತು. ದಿನೇಶ ತದಡಿಗೆ ಹೊರಡುವ ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಹೋಗಿ ಬಾ, ಬಿಸಿಲಾಗೂದ್ರೊಳಗೆ ಬಂದ್ಬಿಡು" ಎಂದಿದ್ದ. ಯಾವ ಗುಳಿಗೆ ಎಂದು ಕೇಳಲಿಲ್ಲ. ಅವನು ಏನನ್ನಾದರೂ ಕೇಳಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಈಗ ಅನ್ನಿಸಿತು. ನಂಬುವವರಿಗೆ ಸುಳ್ಳು ಹೇಳುವುದು ಎಷ್ಟು ದಣಿವಿನ ಕೆಲಸ ಎನ್ನುವುದು ಅವಳಿಗೆ ಈ ನಾಲ್ಕು ತಿಂಗಳಲ್ಲಿ ಗೊತ್ತಾಗಿತ್ತು.

ಮೊನ್ನೆ ಸಂಜೆ ಕಲ್ಪನಾ ಅಕ್ಕೋರು ವಾಟ್ಸಾಪಿನಲ್ಲಿ ಒಂದು ಕರೆಯೋಲೆ ಕಳಿಸಿದ್ದರು. ಕುಮಟೆಯ ಒಂದು ಸಭಾಭವನದಲ್ಲಿ ಅವರ ಚಿತ್ರಗಳ ಪ್ರದರ್ಶನ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅಕ್ಕೋರು ಇಷ್ಟು ವರ್ಷದಲ್ಲಿ ಹೀಗೆ ಪ್ರದರ್ಶನ ಮಾಡಿದ್ದು ಇದೇ ಮೊದಲು. ಕರೆಯೋಲೆಯ ಮೇಲೆ ಒಂದು ಚಿತ್ರ ಹಾಕಿದ್ದರು. ಫೋನಿನ ಪರದೆಯಲ್ಲಿ ಅದು ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಪಾಚಿಯ ಹಾಗೆ ಕಂಡಿತ್ತು, ಹಸಿರು, ನೀಲಿ, ನಡುವೆ ಒಂದಿಷ್ಟು ಹಳದಿ. ಯಾರ ಮುಖವೂ ಅಲ್ಲಿರಲಿಲ್ಲ. ಆದರೆ ಕೆಳಗೆ ಸ್ಪಷ್ಟ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು: ಸುಷ್ಮಾ, ಮಧ್ಯಾಹ್ನ. ಅವಳು ಅತ್ತೆಯ ಬೆನ್ನಿಗೆ ಪೌಡರು ಹಾಕುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ಆ ಎರಡು ಶಬ್ದಗಳನ್ನು ಎಷ್ಟೋ ಸಲ ಓದಿದ್ದಳು. ಹೊನ್ನಾವರ, ಕುಮಟೆಯಲ್ಲಿ ಸುಷ್ಮಾ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಯಾವ ಮಧ್ಯಾಹ್ನ ಎಂದು ಯಾರಾದರೂ ಕೇಳಿದರೆ?

ಅಕ್ಕೋರು ಸಿಕ್ಕಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಅತ್ತೆ ಈರಮ್ಮನಿಗೆ ಬಲಗೈ, ಬಲಗಾಲು ಸೋತು ಎರಡನೆಯ ವರ್ಷ ನಡೆಯುತ್ತಿತ್ತು. ಆಗಿನ್ನೂ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ಡಾಕ್ಟರರ ಕೋಣೆಯ ಹೊರಗೆ ಅತ್ತೆಯನ್ನು ಒರಗಿಸಿಕೊಂಡು ಕುಳಿತಿದ್ದ ಸುಷ್ಮಾ ಎಚ್ಚರಾದಾಗ ಅತ್ತೆಯ ತಲೆ ತನ್ನ ಹೆಗಲ ಮೇಲಿರದೆ ತನ್ನ ತಲೆಯೇ ಪಕ್ಕದ ಯಾವಳೋ ಹೆಂಗಸಿನ ಹೆಗಲ ಮೇಲಿತ್ತು. ನಾಚಿಕೆಯಿಂದ ಎದ್ದು ಕುಳಿತರೆ ಆ ಹೆಂಗಸು, ದಪ್ಪ ಕನ್ನಡಕ, ಕತ್ತರಿಸಿದ ಬಿಳಿ ಕೂದಲು, "ಇನ್ನೂ ಸ್ವಲ್ಪ ಹೊತ್ತು ಮಲಗಬಹುದಿತ್ತು. ನಿಮ್ಮ ಪಾಳಿ ಬಂದ್ರೆ ನಾನು ಎಬ್ಬಿಸ್ತಿದ್ದೆ" ಎಂದಳು. ಅತ್ತೆಗೆ ಗುರುತು ಸಿಕ್ಕಿತು. ತೊದಲುವ ಬಾಯಲ್ಲೇ "ಅಕ್ಕೋರು, ಅಕ್ಕೋರು" ಎಂದು ನಕ್ಕಳು; ಆರೋಗ್ಯ ಇದ್ದಾಗ ಬುಟ್ಟಿ ಹೊತ್ತು ಬಂದರು ರಸ್ತೆಯ ಆ ಮಹಡಿ ಮನೆಗೂ ಮೀನು ಕೊಡುತ್ತಿದ್ದಳಂತೆ. ಹೊರಡುವಾಗ ಅಕ್ಕೋರು ಸುಷ್ಮಾಳ ಹತ್ತಿರ, ನಿಮ್ಮ ಚಿತ್ರ ಬರೆಯಲಾ, ವಾರಕ್ಕೊಂದು ಮಧ್ಯಾಹ್ನ ಬಂದು ಸುಮ್ಮನೆ ಕೂತರೆ ಆಯಿತು ಎಂದರು. ಸುಷ್ಮಾಗೆ ಕೇಳಿಸಿದ್ದು ಚಿತ್ರ ಎನ್ನುವ ಮಾತಲ್ಲ. ಸುಮ್ಮನೆ ಕೂತರೆ ಆಯಿತು ಎನ್ನುವ ಮಾತು. ತನ್ನ ನಲವತ್ತೈದು ವರ್ಷದಲ್ಲಿ ಅಷ್ಟನ್ನೇ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಹೇಳಬಾರದು ಎಂದಲ್ಲ, ಹೇಗೆ ಹೇಳುವುದು ಗೊತ್ತಾಗಲಿಲ್ಲ. ಹೊಲಿಗೆಗೆ ಹೋಗುತ್ತೇನೆ ಎನ್ನಬಹುದು, ಸಂಘದ ಮೀಟಿಂಗಿಗೆ ಎನ್ನಬಹುದು. ಸುಮ್ಮನೆ ಕೂರಲು ಹೋಗುತ್ತೇನೆ ಎಂದು ಯಾವ ಹೆಂಗಸು ಹೇಳುತ್ತಾಳೆ? ದಿನೇಶ ದೋಣಿಯ ಮೇಲೆ ಇರುತ್ತಿದ್ದ. ಅತ್ತೆ ಊಟ ಮಾಡಿ ಮಲಗಿದ ಮೇಲೆ ಗಣಪಿಗೆ "ಒಂದು ಚೂರು ನೋಡ್ಕಂತಿರು, ಬತ್ತೆ" ಎಂದು ಹೇಳಿ ಹೊರಟುಬಿಡುತ್ತಿದ್ದಳು. ಅಕ್ಕೋರ ಕೋಣೆಯಲ್ಲಿ ಎಣ್ಣೆಬಣ್ಣದ, ಟರ್ಪೆಂಟೈನಿನ ವಾಸನೆ. ನದಿಯ ಕಡೆಗೆ ಕಿಟಕಿ. ನೀರಿನ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಪುಟಿದು ಒಳಗಿನ ಗೋಡೆಯ ಮೇಲೆ, ಮಾಡಿನ ಮೇಲೆ, ಅವಳ ಸೆರಗಿನ ಮೇಲೆ ಅಲುಗಾಡುತ್ತಿತ್ತು. ಅಕ್ಕೋರು ಪೆನ್ಸಿಲು ಮುಟ್ಟುತ್ತಿರಲಿಲ್ಲ, ಗೆರೆ ಎಳೆಯುತ್ತಿರಲಿಲ್ಲ. "ಗೆರೆ ಅನ್ನೂದು ನಾವು ಕಟ್ಟಿದ ಬೇಲಿ. ಬೆಳಕಿಗೆ ಅದು ಗೊತ್ತಿಲ್ಲ. ಬೆಳಕು ಎಲ್ಲಿ ಹ್ಯಾಗೆ ಬಿದ್ದದೆಯೋ ಅಲ್ಲಿ ಹಾಗೆ ಬಣ್ಣ ಇಟ್ಕೊಂಡು ಹೋಗೂದು ಅಷ್ಟೇ" ಎಂದು ಒಮ್ಮೆ ಹೇಳಿದ್ದರು. ಸುಷ್ಮಾಗೆ ಅರ್ಥವಾಗಿರಲಿಲ್ಲ. ಅರ್ಥ ಮಾಡಿಕೊಳ್ಳಬೇಕಾಗಿಯೂ ಇರಲಿಲ್ಲ ಎನ್ನುವುದೇ ಅಲ್ಲಿಯ ಸುಖವಾಗಿತ್ತು. ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ, ಫೋಟೋಕ್ಕೆ ನಿಂತವಳ ಹಾಗೆ ತುಟಿ ಬಿಗಿದು ಕೂತಿದ್ದಳು. ಎರಡನೆಯ ಸಲ ಬೆತ್ತದ ಕುರ್ಚಿಗೆ ಒರಗಿದಳು. ಆಮೇಲೆ ಹೋದಾಗಲೆಲ್ಲ ಕೂತ ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತುತ್ತಿತ್ತು, ಅಕ್ಕೋರು ಏನೂ ಅನ್ನುತ್ತಿರಲಿಲ್ಲ. ಬ್ರಷ್ಷು ಬಟ್ಟೆಗೆ ತಾಗುವ ಸದ್ದು ನಿದ್ದೆಯಲ್ಲೂ ಕೇಳುತ್ತಿತ್ತು. ತನ್ನನ್ನು ಯಾರೋ ಹೊರಗಿನಿಂದ ಮೆಲ್ಲಗೆ ಒರೆಸುತ್ತಿದ್ದಾರೆ ಅನ್ನಿಸುತ್ತಿತ್ತು.

ದೀಪಾವಳಿ ಕಳೆದ ಮೇಲಿನ ಆ ಮಧ್ಯಾಹ್ನವೂ ಹಾಗೇ ನಿದ್ದೆ ಹೋಗಿದ್ದಳು. ಎಚ್ಚರಾಗಿ ಫೋನು ನೋಡಿದರೆ ಗಣಪಿಯ ಕರೆಗಳು ಒಂದರ ಮೇಲೊಂದು. ಮನೆ ಮುಟ್ಟುವಾಗ ಅಂಗಳದಲ್ಲಿ ಜನ. ಅತ್ತೆ ಬಚ್ಚಲಿಗೆ ಹೋಗಲು ತಾನೇ ಎದ್ದು, ಬಾಗಿಲ ಹೊಸ್ತಿಲಿನಲ್ಲಿ ಬಿದ್ದಿದ್ದಳು. ಬಹಳ ಹೊತ್ತು ಹಾಗೇ ಬಿದ್ದಿದ್ದಳಂತೆ. ಬಟ್ಟೆ ಒದ್ದೆಯಾಗಿತ್ತು. ಎತ್ತಲು ಹೋದರೆ ಸೊಂಟ ಮುಟ್ಟಿಸಿಕೊಳ್ಳದೆ ಕೂಗುತ್ತಿದ್ದಳು. ಎಲ್ಲರೂ ಸುಷ್ಮಾಳ ಕಡೆ ತಿರುಗಿದರು. ಎಲ್ಲಿ ಹೋಗಿದ್ದೆ ಎಂದು ಯಾರೋ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಗಣಪಿ, "ಇವತ್ತು ಸಂಕಷ್ಟಿ ಅಲ್ಲನೆ, ಇಡಗುಂಜಿಗೆ ಹೋಗಿದ್ಯನೆ?" ಎಂದಳು. ಸುಷ್ಮಾ ತಲೆ ಆಡಿಸಿದಳು. ಅಷ್ಟೇ. ಒಂದು ಶಬ್ದವನ್ನೂ ಆಡಿರಲಿಲ್ಲ. ಆದರೆ ಆ ತಲೆಯಾಡಿಸಿದ್ದು ಮರುದಿನಕ್ಕೆ ಒಂದು ಕಥೆಯಾಗಿತ್ತು. ಅತ್ತೆ ಗುಣವಾಗಲಿ ಎಂದು ಸೊಸೆ ಉಪವಾಸ ಮಾಡಿ ಇಡಗುಂಜಿಗೆ ಹೋಗಿದ್ದಳು, ಪಾಪ, ದೇವರ ಎದುರು ನಿಂತ ಹೊತ್ತಿಗೇ ಹೀಗಾಯಿತು. ಆಸ್ಪತ್ರೆಯ ಹೊರಗೆ ಭಟ್ಕಳದಿಂದ ಓಡಿ ಬಂದ ದೇವಿ ಅತ್ತಿಗೆ, ದಿನೇಶನ ಅಕ್ಕ, "ಇಂಥವಳ ಕೈಗೆ ಅಮ್ಮನ್ನ ಕೊಟ್ಟು ನಾವು ಕೆಟ್ವಿ" ಎಂದು ಎಲ್ಲರ ಎದುರು ಕೂಗಿದಾಗ, ದೋಣಿಯಿಂದ ಇಳಿದವನೇ ಉಪ್ಪು ಹಿಡಿದ ಅಂಗಿಯಲ್ಲೇ ಬಂದಿದ್ದ ದಿನೇಶ ಅವಳ ಮುಂದೆ ಬಂದು ನಿಂತುಬಿಟ್ಟಿದ್ದ. "ಸಾಕು ಮಾಡೆ ಅಕ್ಕ. ಅವ್ಳು ತಿರುಗೂಕೆ ಹೋದವಳಲ್ಲ. ನಮ್ಮಮ್ಮಂಗೋಸ್ಕರವೇ ದೇವ್ರ ಹತ್ರ ಹೋಗಿದ್ಲು." ಮದುವೆಯಾದಾಗಿನಿಂದ ಅವನು ಅಕ್ಕನಿಗೆ ಎದುರಾಡಿದ್ದನ್ನು ಸುಷ್ಮಾ ನೋಡಿರಲಿಲ್ಲ. ಅವಳು ಅವನ ಬೆನ್ನನ್ನು ನೋಡುತ್ತ ನಿಂತಿದ್ದಳು. ಜೀವಮಾನದಲ್ಲಿ ಒಮ್ಮೆ ತನ್ನ ಪರವಾಗಿ ಎದ್ದು ನಿಂತ ಆ ಅಗಲವಾದ ಬೆನ್ನಿನ ಅಡಿಗೆ ನೆಲವೇ ಇರಲಿಲ್ಲ.

ಶಸ್ತ್ರಚಿಕಿತ್ಸೆ ಆಗಿ ಅತ್ತೆ ಜೀವ ಉಳಿಸಿಕೊಂಡು ಹಾಸಿಗೆ ಹಿಡಿದ ಮೇಲೆ ದಿನೇಶ ಅವಳನ್ನು ಇಡಗುಂಜಿಗೆ ಕರೆದುಕೊಂಡು ಹೋಗಿದ್ದ. ಅರ್ಚಕರ ಹತ್ತಿರ, "ಅಮ್ಮ ಬಿದ್ದ ದಿನವೂ ಇವಳು ಇಲ್ಲೇ ಇದ್ಲು ಭಟ್ರೆ" ಎಂದು ಹೆಮ್ಮೆಯಿಂದ ಹೇಳಿದ್ದ. ಭಟ್ಟರು, ಹೌದಾ, ಒಳ್ಳೆದಾತು ಎಂದು ಅವಳ ಅಂಗೈಗೆ ಪಂಚಕಜ್ಜಾಯ ಹಾಕಿದ್ದರು. ಅವಳು ದೇವರ ಮುಖ ನೋಡಲಾರದೆ ಪಾದದ ಗರಿಕೆಯನ್ನು ನೋಡಿದ್ದಳು. ಎಲ್ಲವನ್ನೂ ನೋಡುವವನು ಎನ್ನುತ್ತಾರೆ. ತಾನು ಆ ದಿನ ಇಲ್ಲಿ ಇರಲಿಲ್ಲ ಎನ್ನುವುದು ಈ ಲೋಕದಲ್ಲಿ ತನಗೆ ಬಿಟ್ಟರೆ ಅವನಿಗೆ ಮಾತ್ರ ಗೊತ್ತು. ಮತ್ತೆ ಅಕ್ಕೋರಿಗೆ.

"ಕುಮಟೆ, ಕುಮಟೆ" ಎಂದು ಕಂಡಕ್ಟರು ಕೂಗಿದ. ಕರ್ಕಿ, ಹಳದೀಪುರ ಯಾವಾಗ ದಾಟಿತು ಗೊತ್ತಾಗಿರಲಿಲ್ಲ. ಹಾಗಾದರೆ ಮತ್ತೆ ನಿದ್ದೆ ಹೋಗಿದ್ದೆನೇ ಎಂದು ಗಾಬರಿಯಿಂದ ಫೋನು ನೋಡಿದಳು. ಯಾರ ಕರೆಯೂ ಇರಲಿಲ್ಲ.

ಸಭಾಭವನದಲ್ಲಿ ಹೆಚ್ಚು ಜನ ಇರಲಿಲ್ಲ. ಫ್ಯಾನುಗಳು ತಿರುಗುತ್ತಿದ್ದವು. ಗೋಡೆಯ ಮೇಲೆ ದೋಣಿಗಳು, ಅಘನಾಶಿನಿಯ ಅಳಿವೆ, ಒಣಮೀನಿನ ಚಾಪೆಗಳು. ಎಲ್ಲ ಬಣ್ಣದ ಹನಿಗಳಲ್ಲಿ, ಯಾರೋ ಒದ್ದೆ ಕಣ್ಣಿನಲ್ಲಿ ನೋಡಿದ ಹಾಗೆ. ಅವಳು ಯಾವುದರ ಮುಂದೆಯೂ ನಿಲ್ಲಲಿಲ್ಲ. ಹೇಳಬೇಕಾದ ಮಾತನ್ನು ಬಸ್‌ಸ್ಟ್ಯಾಂಡಿನಿಂದ ಬಾಯಿಪಾಠ ಮಾಡುತ್ತ ಬಂದಿದ್ದಳು: ಅಕ್ಕೋರೆ, ಅದನ್ನ ತೆಗೆದುಬಿಡಿ, ನಮ್ಮ ಮನೇಲಿ ತೊಂದರೆ ಆಗ್ತದೆ. ಒಳಗಿನ ಗೋಡೆಯಲ್ಲಿ ಒಂಟಿಯಾಗಿ ತೂಗುಹಾಕಿದ ದೊಡ್ಡ ಚಿತ್ರದ ಎದುರು ಹೋದಾಗ ಅವಳಿಗೆ ಮೊದಲು ಕಂಡದ್ದು ಬಣ್ಣದ ಗುಡ್ಡೆಗಳು ಮಾತ್ರ. ಹಚ್ಚಿ ಬಿಟ್ಟ, ಒಣಗಿ ಗಟ್ಟಿಯಾದ ನೀಲಿ, ಬೂದಿ, ಹಳದಿ. ಅವಳು ಆ ದಿನ ಉಟ್ಟಿದ್ದ ಗಿಳಿಹಸಿರು ಸೀರೆ ಇರಬೇಕಾದಲ್ಲಿ ನೇರಳೆ ಮತ್ತು ಕೆಂಪಿನ ಚುಕ್ಕೆಗಳೂ ಇದ್ದವು. ಒಂದು ನಮೂನೆ ಸಮಾಧಾನವಾಯಿತು. ಇದು ಯಾರೂ ಅಲ್ಲ. ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಕಾಲೇಜು ಹುಡುಗಿಯರಲ್ಲಿ ಒಬ್ಬಳು, "ಆಂಟಿ, ಸ್ವಲ್ಪ ಸರೀತೀರಾ? ಫೋಟೋ ತೆಗೀಬೇಕು" ಎಂದಳು. ಸುಷ್ಮಾ ಸರಿದಳು. ಹುಡುಗಿಯರಿಗೆ ಅಡ್ಡ ಬರಬಾರದೆಂದು ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಾಗಿಲ ಹತ್ತಿರದ ಕಂಬಕ್ಕೆ ಬೆನ್ನು ತಾಗಿದಾಗ ಕಣ್ಣೆತ್ತಿ ನೋಡಿದಳು.

ಅಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಕುರ್ಚಿಯಲ್ಲಿ ಕೂತವಳು ಕೂತಲ್ಲೇ ಬಿದ್ದುಹೋದ ಹಾಗೆ ಮಲಗಿದ್ದಳು. ಕುತ್ತಿಗೆ ಒಂದು ಬದಿಗೆ ವಾಲಿತ್ತು. ಬಾಯಿ ಅರೆ ತೆರೆದಿತ್ತು, ಒಂದೇ ಒಂದು ಸಣ್ಣ ಕಪ್ಪು ಗೀರು. ಕಣ್ಣಿನ ಕೆಳಗೆ ನೇರಳೆ ಬಣ್ಣ, ಕೊಳೆತ ಹಣ್ಣಿನದು. ಒಂದು ಕೈ ಮಡಿಲಿನಿಂದ ಜಾರಿ ಅಂಗೈ ಮೇಲಾಗಿ ತೆರೆದುಕೊಂಡಿತ್ತು, ಕೆಲಸದ ಕೈ, ಆದರೆ ಅದರಲ್ಲಿ ಏನೂ ಇರಲಿಲ್ಲ. ಅವಳ ಮೇಲೆಲ್ಲ ನೀರಿನ ಬೆಳಕು ಓಡಾಡುತ್ತಿತ್ತು. ಹೆಂಗಸು ಬೆಳಕಿನ ಅಡಿಯಲ್ಲಿ ಮುಳುಗಿ, ಯಾರ ಕೈಗೂ ಸಿಗದಷ್ಟು ಆಳದಲ್ಲಿ ಇದ್ದಳು. ಕನ್ನಡಿಯಲ್ಲಿ ನೋಡಿಕೊಳ್ಳುವ ಮುಖ ಯಾವಾಗಲೂ ಎಚ್ಚರವಾಗಿಯೇ ಇರುತ್ತದೆ. ಇವಳು ಇಷ್ಟು ಸುಸ್ತಾಗಿದ್ದಾಳೆ ಎಂದು ಸುಷ್ಮಾಗೆ ಯಾರೂ ಹೇಳಿರಲಿಲ್ಲ. ಒಬ್ಬ ಹುಡುಗಿ ಪಿಸುಗುಟ್ಟಿದಳು, "ಸತ್ತೋಗಿದ್ದಾಳೇನೆ?" ಇನ್ನೊಬ್ಬಳು ಚೀಟಿ ಓದುತ್ತ, "ಅಲ್ವೇ, ಮಧ್ಯಾಹ್ನದ ನಿದ್ದೆ. ಇಂಪ್ರೆಷನಿಸ್ಟ್ ಅಂದ್ರೆ ಹೀಗೇ ಬರೀತಾರೆ" ಎಂದಳು.

ಆಮೇಲೆ ಅದು ಕಂಡಿತು. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಒಂದು ಬಿಳಿ ಚುಕ್ಕೆ, ಅಂಚಿಗೆ ಸ್ವಲ್ಪ ನೀಲಿ. ಚಿತ್ರದಲ್ಲಿ ಉಳಿದ ಬೆಳಕೆಲ್ಲ ನದಿಯದು, ಬಿಸಿಲಿನದು. ಇದೊಂದು ಬೇರೆ ಬೆಳಕು, ತಣ್ಣಗೆ ಉರಿಯುವಂಥದ್ದು. ನೋಡುವವರಿಗೆ ನೀರಿನ ಲೋಟ ಇರಬಹುದು. ಸುಷ್ಮಾಗೆ ತಿಳಿಯಿತು. ಮುಷ್ಟಿಯೊಳಗಿನ ಫೋನು ಬೆವರಿಗೆ ಅಂಟಿಕೊಂಡಿತ್ತು.

"ಬಂದ್ಯಾ?" ಕಲ್ಪನಾ ಅಕ್ಕೋರು ಪಕ್ಕದಲ್ಲಿ ನಿಂತಿದ್ದರು. ಅವರ ದಮ್ಮಿನ ಉಸಿರು ಎಂದಿನಂತೆ ಸಿಳ್ಳೆ ಹಾಕುತ್ತಿತ್ತು. ಮುಖದಲ್ಲಿ ಮಾತ್ರ ಈವರೆಗೆ ಕಾಣದ ಒಂದು ಕಳೆ ಇತ್ತು. ಅದು ಸುಷ್ಮಾಳನ್ನು ಕಂಡೊಡನೆ ಸ್ವಲ್ಪ ಆರಿತು. "ನೀ ಆಮೇಲೆ ಬರಲೇ ಇಲ್ಲ. ನಿಮ್ಮ ಅತ್ತೆ ವಿಷಯ ಕೇಳ್ದೆ."

ಸುಷ್ಮಾ ಬಾಯಿಪಾಠ ಮಾಡಿದ್ದನ್ನು ಹೇಳಲಿಲ್ಲ. "ಅದು ಫೋನು ಅಲ್ದಾ ಅಕ್ಕೋರೆ?" ಎಂದಳು.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಹೌದು."

"ಹಾಗಾದ್ರೆ ಅದು ಹೊಡ್ಕಂಬುದು ನಿಮಗೆ ಕಂಡಿತ್ತು."

"ಕಂಡಿತ್ತು. ಸದ್ದಿರ್ಲಿಲ್ಲ, ಬೆಳಕು ಬಂತು, ಹೋತು, ಬಂತು. ಎಬ್ಬಿಸಬೇಕು ಅಂದ್ಕಂಡೆ. ಆದ್ರೆ ಅಷ್ಟ್ರಲ್ಲಿ ನಿನ್ನ ಕೈ ಜಾರಿ ಹಾಗೆ ತೆರ್ಕಂಡಿತ್ತು. ನದಿ ಬೆಳಕು ಇನ್ನೇನು ಇಳಿದು ಹೋಗೂದು. ಇನ್ನೊಂಚೂರು, ಇನ್ನೊಂಚೂರು ಅಂತ..." ಅವರಿಗೆ ಉಸಿರು ಸಾಲಲಿಲ್ಲ. "ಮನೇಲಿ ಯಾರೋ ಬಿದ್ದಿದ್ದಾರೆ ಅಂತ ಗೊತ್ತಿರ್ಲಿಲ್ಲ ಅಂತ ಹೇಳೂದು ಸುಲಭ. ಗೊತ್ತಿದ್ರೆ ಎಬ್ಬಿಸ್ತಿದ್ನಾ ಅಂತ ನನ್ನನ್ನೇ ಕೇಳ್ಕಂಡಿದ್ದೆ. ಎಬ್ಬಿಸ್ತಿದ್ದೆ ಅಂತ್ಲೇ ಅನ್ಸ್ತದೆ. ಇಷ್ಟು ವರ್ಷ ಮಕ್ಕಳ ಕೈಲಿ ಬಾಳೆಹಣ್ಣು, ಹೂಜಿ ಬರೆಸ್ದೆ. ನಂದು ಅಂತ ಆಗಿದ್ದು ಇದೊಂದೇ. ನೀ ಬೇಡ ಅಂದ್ರೆ ಈಗ್ಲೇ ಇಳಿಸ್ತೆ."

ಸಿಟ್ಟು ಬರಬೇಕಿತ್ತು. ಸುಷ್ಮಾ ಅದಕ್ಕಾಗಿ ಒಳಗೆ ಹುಡುಕಿದಳು. ಇವರು ಕದ್ದರು, ನನ್ನ ನಿದ್ದೆಯನ್ನು ಕದ್ದು ಗೋಡೆಗೆ ಹಾಕಿದರು, ಅತ್ತೆಯ ಸೊಂಟ ಮುರಿದ ಹೊತ್ತನ್ನೇ ಬಣ್ಣ ಮಾಡಿ ಇಟ್ಟರು. ಎಲ್ಲ ಇವರದೇ ತಪ್ಪು ಎಂದುಕೊಂಡು ಹಗುರಾಗಿ ಬಸ್ಸು ಹತ್ತಬಹುದಿತ್ತು. ಆದರೆ ಆ ಬಿಳಿ ಚುಕ್ಕೆಯನ್ನು ನೋಡುತ್ತಿದ್ದ ಹಾಗೆ ಅವಳಿಗೆ, ನಾಲ್ಕು ತಿಂಗಳು ಕೆನ್ನೆ ಕಚ್ಚಿಕೊಂಡು ದೂರ ಇಟ್ಟಿದ್ದ ಒಂದು ಸಂಗತಿ, ಪಕ್ಕದಲ್ಲೇ ಬಂದು ಕುಳಿತಂತಾಯಿತು. ಸ್ಟೂಲಿನ ಮರ ನಡುಗಿದ್ದು. ಕುರ್ಚಿಯ ಕೈಗೆ ಆ ನಡುಕ ತಾಗಿದ್ದು. ಯಾರೋ ಕರೆಯುತ್ತಿದ್ದಾರೆ, ಮನೆಯಿಂದಲೇ ಎಂದು ನಿದ್ದೆಯ ತಳದಲ್ಲಿ ಅವಳಿಗೆ ಗೊತ್ತಾದದ್ದು. ಕರೆಯಲಿ. ಇವತ್ತೊಂದು ದಿನ ಅವರು ಕರೆಯಲಿ, ನಾನು ಏಳುವುದಿಲ್ಲ.

"ನಂಗೂ ಗೊತ್ತಾಗಿತ್ತು," ಎಂದಳು. ತನ್ನ ಧ್ವನಿ ಇಷ್ಟು ಸಣ್ಣದಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ಪೂರ್ತಿ ನಿದ್ದೆ ಇರ್ಲಿಲ್ಲ. ನಾನೇ ಏಳ್ಲಿಲ್ಲ ಅಕ್ಕೋರೆ."

ಹುಡುಗಿಯರು ಹೋಗಿದ್ದರು. "ಇಳಿಸೂದು ಬೇಡ. ಹೆಸರೊಂದು ತೆಗೀರಿ," ಎಂದಳು ಸುಷ್ಮಾ. ಅಕ್ಕೋರು ಹೋಗಿ ಚಿತ್ರದ ಕೆಳಗಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಅದು ಸರಿಯಾಗಿ ಏಳದೆ ಹರಿಯಿತು. ಅದರ ಮೇಲೆ ಬೇರೆ ಚೀಟಿ ಅಂಟಿಸಿ ಬರೆದರು: ಮಧ್ಯಾಹ್ನ. ಗೋಡೆಯ ಮೇಲೆ ಈಗ ಹೆಸರಿಲ್ಲದ ಒಬ್ಬ ಹೆಂಗಸು ಮಲಗಿದ್ದಳು. ಸುಷ್ಮಾಗೆ ನಿರಾಳವಾಗಬೇಕಿತ್ತು. ಬದಲಿಗೆ, ಮಲಗಿದವಳನ್ನು ಪರ ಊರಲ್ಲಿ ಬಿಟ್ಟು ಬಂದವಳ ಹಾಗೆ, ಬಸ್‌ಸ್ಟ್ಯಾಂಡಿನವರೆಗೂ ಹಿಂತಿರುಗಿ ನೋಡಬೇಕು ಅನ್ನಿಸುತ್ತಿತ್ತು.

ಮನೆಗೆ ಬಂದು ಅತ್ತೆಗೆ ಗಂಜಿ ಉಣಿಸಲು ಕುಳಿತಳು. ಈರಮ್ಮ ಎಡಗೈಯಿಂದ ಅವಳ ಮೊಣಕೈ ಹಿಡಿದು, ಕಣ್ಣಲ್ಲೇ, ಎಲ್ಲಿ ಎಂದು ಕೇಳಿದಳು. ಅತ್ತೆಯ ಮಾತು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಸುಷ್ಮಾಗೆ ತಿಳಿಯುತ್ತಿತ್ತು. ಒಂದು ಚಮಚ, ಬಾಯಿ ಒರೆಸು, ಇನ್ನೊಂದು ಚಮಚ. ಆ ಲಯದಲ್ಲೇ ಅವಳು ಹೇಳತೊಡಗಿದಳು. ಯಾಕೆ ಹೇಳಿದಳೋ. ಬೇರೆ ಯಾರಿಗೂ ಹೇಳಲಾರದ್ದನ್ನು ಬಿದ್ದವಳಿಗೇ ಹೇಳಬೇಕಾಗಿತ್ತೇನೋ. ನೀವು ಬಿದ್ದ ದಿನ ನಾನು ಇಡಗುಂಜಿಗೆ ಹೋಗಿರಲಿಲ್ಲ ಅತ್ತೆ, ಬಂದರು ರಸ್ತೆ ಅಕ್ಕೋರ ಮನೆಗೆ ಹೋಗಿದ್ದೆ, ಅವರು ನನ್ನ ಚಿತ್ರ ಬರೆಯುತ್ತಿದ್ದರು, ನಾನು ಮಲಗಿದ್ದೆ, ಫೋನು ಬಂದದ್ದು ಗೊತ್ತಾದರೂ ಏಳಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿ ಕಾದಳು. ಶಾಪ ಹಾಕಬಹುದು, ಅಥವಾ ಆ ಸೋಲದ ಕೈಯಿಂದ ಹೊಡೆಯಬಹುದು. ಹೊಡೆದರೆ ಒಳ್ಳೆಯದು.

ಈರಮ್ಮ ಬಹಳ ಹೊತ್ತು ಮಾಡನ್ನು ನೋಡಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಆಮೇಲೆ ತೊದಲುತ್ತ, ಒಂದೊಂದೇ ಶಬ್ದವನ್ನು ಬಾಯೊಳಗೆ ಹೊರಳಿಸುತ್ತ ಹೇಳಿದಳು: "ಎಷ್ಟು ವರ್ಷ ಮೀನು ಕೊಟ್ಟೆ ನಾ ಅವ್ರಿಗೆ. ಬುಟ್ಟಿ ಇಳಿಸಿ ಮೆಟ್ಲ ಮೇಲೆ ಕೂತಿರ್ತಿದ್ದೆ. ನಂಗೂ ಸುಸ್ತಾಗ್ತಿತ್ತಲೆ." ಮತ್ತೆ ಮಗುವಿನ ಹಾಗೆ ತುಟಿ ಊದಿಸಿ, "ನಂದು ಬರೀಲಿಲ್ಲ" ಎಂದಳು.

ಸುಷ್ಮಾ ಚಮಚ ಹಿಡಿದ ಕೈಯನ್ನು ಬಟ್ಟಲಿಗೆ ಇಳಿಸಿದಳು. ಕ್ಷಮೆಗೂ ಶಾಪಕ್ಕೂ ತಯಾರಾಗಿದ್ದಳು, ಈ ಹೊಟ್ಟೆಕಿಚ್ಚಿಗೆ ಅಲ್ಲ. ನಿಜ, ಯಾರೂ ಬರೆಯಲಿಲ್ಲ. ತಲೆಯ ಮೇಲಿನ ಸಿಂಬಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತ ಈರಮ್ಮ. ಅಕ್ಕೋರು ಮೀನಿನ ಪಾತ್ರೆ ತರಲು ಒಳಗೆ ಹೋಗಿರುತ್ತಿದ್ದರು.

ಸಂಜೆ ದಿನೇಶ ಬಂದ. ತದಡಿಯಲ್ಲಿ ದೋಣಿಯ ಇಂಜಿನ್ನು ಬಿಚ್ಚಿ ಹಾಕಿದ್ದರಿಂದ ಈ ವಾರ ದಿನವೂ ಮನೆಗೆ ಬರುತ್ತಿದ್ದ. ಅಮ್ಮನ ಮಂಚದ ಬಳಿ ಕುಳಿತಾಗ ಅವಳು ಅವನ ಅಂಗಿ ಜಗ್ಗಿ ಏನೋ ಹೇಳತೊಡಗಿದಳು. "ಎಂತ ಹೇಳ್ತದೆ ಅಮ್ಮ? ಚಿತ್ರ ಅಂತದಲೆ," ಎಂದು ಅವನು ನಗುತ್ತ ಕೇಳಿದ. ಏನೋ ತೊದಲುತ್ತಾರೆ ಎಂದರೆ ಮುಗಿದುಹೋಗುತ್ತಿತ್ತು. ಸುಷ್ಮಾಗೆ ಇನ್ನೊಂದು ಸುಳ್ಳನ್ನು ಹೊಲಿಯುವಷ್ಟು ಶಕ್ತಿ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನ ಮುಖದಿಂದ ನಗು ಕೂಡಲೇ ಹೋಗಲಿಲ್ಲ, ಮರೆತುಹೋದ ಹಾಗೆ ಅಲ್ಲೇ ಉಳಿದಿತ್ತು. "ಊರೆಲ್ಲ ಇಡಗುಂಜಿ ಅಂತ ಹೇಳ್ಕಂಡು ತಿರುಗಿದ್ನಲ್ಲೆ ನಾನು," ಎಂದ. "ಭಟ್ರ ಹತ್ರವೂ ಹೇಳ್ದೆ." ಎದ್ದು ಹೊರಗೆ ಹೋದವನು ಬಾವಿಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತ. ಊಟಕ್ಕೆ ಕರೆದರೆ ಬಂದ, ಉಂಡ, ಎದ್ದುಹೋದ. ಬೆಳಿಗ್ಗೆ ಮಾತಾಡದೆ ಹೊರಟುಹೋದ.

ಆ ದಿನವೆಲ್ಲ ಸುಷ್ಮಾ ಕೆಲಸ ಮಾಡುತ್ತಲೇ ಇದ್ದಳು. ಅತ್ತೆಯ ಬಟ್ಟೆ ಒಗೆದಳು, ಗೋರಂಟಿ ಬೇಲಿಯ ಮೇಲೆ ಹರಡಿದಳು, ಮತ್ತೆ ಒದ್ದೆಯಾದ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಅವನು ತದಡಿಯಲ್ಲೇ ಉಳಿದುಬಿಡಬಹುದು ಅನ್ನಿಸಿತು. ಅಕ್ಕನಿಗೆ ಫೋನು ಮಾಡಿ ಹೇಳಿರಬಹುದು. ಆದರೆ ಸಂಜೆ ಬಿಸಿಲು ಇರುವಾಗಲೇ ಅವನು ಬಂದ. ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುಖ ಹ್ಯಾಗೋ ಹಗುರಾಗಿತ್ತು.

"ಕುಮಟೆಲಿ ಇಳ್ದು ನೋಡ್ಕಂಡು ಬಂದೆ."

ಅವಳು ಸೌಟು ಇಟ್ಟಳು.

"ಎಂತಕ್ಕೆ ಹೆದರಿ ಸಾಯ್ತೆ ನೀನು? ಅದ್ರಲ್ಲಿ ಎಂತದೂ ಇಲ್ಲ. ಹತ್ರ ಹೋದೆ, ದೂರ ನಿಂತೆ, ಆ ಬದಿ ಈ ಬದಿ ನೋಡ್ದೆ. ಯಾವಳೋ ಒಬ್ಳು ಹೆಂಗಸು. ಹೆಸರೂ ಇಲ್ಲ, ಮುಖವೂ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನಂಗೇ ಗುರ್ತ ಸಿಕ್ಲಿಲ್ಲ ಅಂದ್ಮೇಲೆ ಬೇರೆಯವ್ರಿಗೆ ಎಲ್ಲಿಂದ ಸಿಕ್ತದೆ?" ಅವನು ಅವಳ ಹೆಗಲು ಮುಟ್ಟಿದ. ಆ ಮುಟ್ಟುವಿಕೆಯಲ್ಲಿ ನಿಜವಾದ ಕರುಣೆ ಇತ್ತು. ದಿನವಿಡೀ ಯೋಚಿಸಿ, ಸಿಟ್ಟನ್ನು ನುಂಗಿ, ಅವಳಿಗೆಂದೇ ಹೊತ್ತು ತಂದ ಕರುಣೆ. "ಅದು ನೀನಲ್ಲ. ಇಡಗುಂಜಿ ಅಂತ್ಲೇ ಇರ್ಲಿ. ಅಮ್ಮನ ಮಾತು ಯಾರಿಗೆ ತಿಳೀತದೆ? ಮುಗೀತು, ಬಿಡು."

ಸುಷ್ಮಾ ಅವನ ಮುಖ ನೋಡಿದಳು. ಬಿಸಿಲಿಗೆ ಕರಿಹಿಡಿದ, ಉಪ್ಪಿಗೆ ಬಿರುಕು ಬಿಟ್ಟ, ಒಳ್ಳೆಯ ಮುಖ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹತ್ತಿರದಿಂದಲೂ ದೂರದಿಂದಲೂ ನೋಡಿದ್ದ, ಕಂಡಿರಲಿಲ್ಲ. ವಾಲಿದ ಆ ಕುತ್ತಿಗೆ, ತೆರೆದ ಬಾಯಿ, ಬರಿದಾದ ಅಂಗೈ. ಪಕ್ಕದಲ್ಲೇ ಮಲಗಿ ಎದ್ದವನಿಗೂ ಅವು ಯಾವಳೋ ಒಬ್ಬಳವು. ಆತು ಎಂದರೆ ಸಾಕಿತ್ತು. ಬಾಯಿ ಆತು ಎನ್ನಲು ತೆರೆದೂ ಇತ್ತು.

ಒಳಕೋಣೆಯಲ್ಲಿ ಫೋನು ಹಾಡತೊಡಗಿತು. ದೀಪ ಹಚ್ಚುವ ಹೊತ್ತಿಗೆ ಭಟ್ಕಳದಿಂದ ದೇವಿ ಅತ್ತಿಗೆ ದಿನವೂ ಮಾಡುವ ಕರೆ. ಅಮ್ಮನ್ನ ಮಗ್ಗಲು ತಿರುಗಿಸಿದ್ಯಾ, ಬೆನ್ನು ಹುಣ್ಣಾಗಿಲ್ಲ ಅಲ್ದಾ ಎಂದು ಕೇಳುವುದಕ್ಕೆ. ಸುಷ್ಮಾ ಸೆರಗಿಗೆ ಕೈ ಒರೆಸಿ ಒಳಗೆ ಹೋದಳು. ದಿನೇಶ ಹಿಂದೆಯೇ ಬಂದ. ಮಂಚದ ಮೇಲೆ ಈರಮ್ಮ ಕಣ್ಣು ತೆರೆದಿದ್ದಳು.

"ಅತ್ತಿಗೆ," ಎಂದಳು ಸುಷ್ಮಾ, ಆಚೆಯ ಪ್ರಶ್ನೆ ಮುಗಿಯುವ ಮೊದಲೇ. "ಅತ್ತೆ ಬಿದ್ದ ದಿನ ನಾನು ಇಡಗುಂಜಿಗೆ ಹೋಗಿರ್ಲಿಲ್ಲ."

ದಿನೇಶ ಬೇಡ ಬೇಡ ಎಂದು ಕೈ ಆಡಿಸಿದ. ಆಚೆ ಕಡೆ ಪಾತ್ರೆಯ ಸದ್ದು ನಿಂತಿತು. ದೇವಿ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಮತ್ತೆ ಎಲ್ಲಿದ್ದೆ?"

"ಹೊನ್ನಾವರದಲ್ಲೇ. ಕಲ್ಪನಾ ಅಕ್ಕೋರ ಮನೇಲಿ."

"ಅಲ್ಲಿ ಎಂತ ಮಾಡ್ತಿದ್ದೆ?"

ಅತ್ತೆ ನೋಡುತ್ತಿದ್ದಳು. ಗಂಡ ನೋಡುತ್ತಿದ್ದ. ಸುಷ್ಮಾ ಮಂಚದ ಅಂಚಿಗೆ ಕುಳಿತಳು.

"ನಿದ್ದೆ ಮಾಡ್ತಿದ್ದೆ," ಎಂದಳು.